ಎಲ್ಲರಿಗೂ ಬಾಲ ಅಲ್ಲಾಡಿಸುವ ನಾಯಿ: ಯಾವ ಮನೆಗೆ ಕೊಡುವುದು?

ಕಚ್ಚುವ ನಾಯಿಗೆ, ಮನುಷ್ಯರನ್ನು ಕಂಡರೆ ಮೂಲೆ ಸೇರುವ ನಾಯಿಗೆ ಮನೆ ಸಿಗುವುದು ಕಷ್ಟ. ಸಾಧು ನಾಯಿಯ ಕಷ್ಟವೇ ಬೇರೆ. ಅದನ್ನು ಕೇಳಿಕೊಂಡು ಜನ ಬರುತ್ತಾರೆ. ಅದೂ ಬಂದವರನ್ನೆಲ್ಲ ಒಪ್ಪಿಕೊಳ್ಳುತ್ತದೆ. ಕಾಲಿಗೆ ಒರಗಿ ನಿಲ್ಲುತ್ತದೆ, ಹೊಟ್ಟೆ ತೋರಿಸಿ ಮಲಗುತ್ತದೆ. ‘ನಮ್ಮನ್ನ ಎಷ್ಟು ಬೇಗ ಹಚ್ಕೊಳ್ತು ನೋಡಿ’ ಅಂತ ಬಂದವರಿಗೆ ಖುಷಿ. ಅವರಿಗಿಂತ ಸ್ವಲ್ಪ ಮುಂಚೆ ನೀರಿನ ಕ್ಯಾನ್ ಇಳಿಸಲು ಬಂದ ಹುಡುಗನನ್ನೂ ಅದು ಅಷ್ಟೇ ಬೇಗ ಹಚ್ಚಿಕೊಂಡಿರುತ್ತದೆ! ಹೀಗಾಗಿ ಈ ಮನೆ ಸರಿ, ಆ ಮನೆ ಬೇಡ ಅಂತ ನಾಯಿಯಿಂದ ನಮಗೆ ಸುಳಿವು ಸಿಗುವುದಿಲ್ಲ. ನಾವೇ ನೋಡಿ ಆರಿಸಬೇಕು.

ಬೆಂಗಳೂರಿನ ಒಂದು ಶೆಲ್ಟರಿನಲ್ಲಿ ದತ್ತು ಕೊಡುವ ಕೆಲಸಕ್ಕೆ ನಾನು ಕೈ ಜೋಡಿಸುತ್ತೇನೆ. ಹೋಲಿಕೆಗೆ ಅಂತ ಇಲ್ಲಿ ನಮ್ಮ ಕೆಂಚನನ್ನೇ ಇಟ್ಟುಕೊಳ್ಳುತ್ತೇನೆ. ಕೆಂಪು ಬಣ್ಣದ ಇಂಡಿ, ಅಂದರೆ ನಮ್ಮ ನಾಡಿನ ತಳಿಯ ನಾಯಿ, ವಯಸ್ಸು ಎರಡು ವರ್ಷದ ಆಸುಪಾಸು, ತೂಕ ಹದಿನೆಂಟು ಕಿಲೋ. ಬಾಡಿಗೆ ಮನೆ ಖಾಲಿ ಮಾಡಿದವರು ಗೇಟಿನ ಹೊರಗೆ ಬಿಟ್ಟು ಹೋಗಿದ್ದರು. (ಹೀಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೂ ತಿಂಗಳ ಕೊನೆ ಬಂತೆಂದರೆ ಇಂಥ ಫೋನುಗಳು ತಪ್ಪುವುದಿಲ್ಲ.) ಕೆಂಚನನ್ನು ಕೇಳಿಕೊಂಡು ಮೂರು ಕಡೆಯವರು ಬಂದರು: ವೈಟ್‌ಫೀಲ್ಡ್ ಕಡೆ ಬಾಡಿಗೆ ಫ್ಲ್ಯಾಟಿನಲ್ಲಿರುವ ಗಂಡ ಹೆಂಡತಿ, ವಿಜಯನಗರದಲ್ಲಿ ಸ್ವಂತ ಮನೆಯಿರುವ ಕೂಡು ಕುಟುಂಬ, ಸಕಲೇಶಪುರದ ಕಡೆ ತೋಟ ಮಾಡಿಕೊಂಡಿರುವ ಒಬ್ಬರು. ಕೇಳಿದವರೆಲ್ಲ ‘ತೋಟಕ್ಕೇ ಕೊಡಿ, ಆರಾಮಾಗಿ ಓಡಾಡಿಕೊಂಡಿರುತ್ತೆ’ ಅಂದರು. ಫ್ಲ್ಯಾಟ್ ಅಂದರೆ ಮೂಗು ಮುರಿದರು.

ನನ್ನ ಲೆಕ್ಕ ತಿರುವುಮುರುವು. ಎಷ್ಟು ಜಾಗ ಇದೆ ಅನ್ನುವುದನ್ನು ನಾನು ಕೊನೆಗೆ ಕೇಳುತ್ತೇನೆ. ಮೊದಲು ಕೇಳುವುದು ಎರಡೇ: ಬಾಗಿಲು, ಗೇಟು ಯಾರ ಕೈಯಲ್ಲಿರುತ್ತದೆ? ರಾತ್ರಿ ನಾಯಿ ಎಲ್ಲಿ ಮಲಗುತ್ತದೆ?

ಮೊದಲು ನಾಯಿಯನ್ನೇ ಸರಿಯಾಗಿ ನೋಡಿ

‘ಫ್ರೆಂಡ್ಲಿ’ ಅಂತ ಬೋರ್ಡು ಹಾಕುವ ಮುಂಚೆ ಯಾರಿಗೆ ಫ್ರೆಂಡ್ಲಿ ಅಂತ ತಿಳಿದಿರಬೇಕು. ಮನುಷ್ಯರಿಗೆ ಬಾಲ ಅಲ್ಲಾಡಿಸುವ ನಾಯಿ ಬೆಕ್ಕನ್ನು ಕಂಡರೆ ಹಿಂದೆ ಬೀಳಬಹುದು. ಶೆಲ್ಟರಿನಲ್ಲಿ ಹತ್ತು ನಾಯಿಗಳ ಜೊತೆ ಚೆನ್ನಾಗಿದ್ದದ್ದು ಊಟದ ತಟ್ಟೆಯ ಹತ್ತಿರ ಇನ್ನೊಂದು ನಾಯಿ ಬಂದರೆ ಗುರ್ ಅನ್ನಬಹುದು. ಇದೆಲ್ಲ ಶೆಲ್ಟರಿನ ಗದ್ದಲದಲ್ಲಿ ಪೂರ್ತಿ ಗೊತ್ತಾಗುವುದಿಲ್ಲ. ಆದರೆ ಯಾರದಾದರೂ ಮನೆಯಲ್ಲಿ ಎರಡು ವಾರ ಫಾಸ್ಟರ್, ಅಂದರೆ ತಾತ್ಕಾಲಿಕವಾಗಿ, ಇಟ್ಟು ನೋಡಿ. ಒಂಟಿಯಾಗಿ ಬಿಟ್ಟರೆ ಊಳಿಡುತ್ತದಾ, ಮಿಕ್ಸಿ ಸದ್ದಿಗೆ ಹೆದರುತ್ತದಾ, ಮೆಟ್ಟಿಲು ಹತ್ತುತ್ತದಾ, ಲಿಫ್ಟಿನೊಳಗೆ ಕಾಲಿಡುತ್ತದಾ, ಎಲ್ಲ ತಿಳಿಯುತ್ತದೆ.

ಕೆಂಚನ ಸಂಗತಿ ಗೊತ್ತಾಗಿದ್ದೂ ಹಾಗೆಯೇ. ಮಕ್ಕಳನ್ನು ಕಂಡರೆ ಅವನಿಗೆ ವಿಪರೀತ ಪ್ರೀತಿ. ಆ ಪ್ರೀತಿಯಲ್ಲಿ ಎರಡು ಕಾಲೆತ್ತಿ ಎದೆಗೆ ಹಾರುತ್ತಾನೆ. ದೊಡ್ಡವರಾದರೆ ನಗುತ್ತಾರೆ. ಮೂರು ವರ್ಷದ ಮಗುವಾದರೆ ಹಿಂದಕ್ಕೆ ಬೀಳುತ್ತದೆ. ಜೊತೆಗೆ ಇನ್ನೊಂದಿತ್ತು. ತೆರೆದ ಗೇಟು ಕಂಡರೆ ಅವನು ಹೊರಗೆ ನಡೆದುಬಿಡುತ್ತಾನೆ. ಓಡಿಹೋಗುವ ಉದ್ದೇಶ ಏನೂ ಇಲ್ಲ, ರಸ್ತೆಯಲ್ಲಿರುವವರನ್ನೂ ಮಾತಾಡಿಸಿ ಬರೋಣ ಅಂತ ಅಷ್ಟೇ. ಪುಕ್ಕಲು ನಾಯಿ ಕಳೆದುಹೋದರೆ ಯಾರ ಕೈಗೂ ಸಿಗದೆ ಅಲ್ಲೇ ಸುತ್ತುಮುತ್ತ ಅಡಗಿಕೊಂಡಿರುವುದೂ ಉಂಟು. ಸಾಧು ನಾಯಿ ಕರೆದವರ ಹಿಂದೆ ಹೋಗುತ್ತದೆ, ಬಿಸ್ಕತ್ತು ಕೊಟ್ಟವರ ಆಟೋ ಹತ್ತುತ್ತದೆ.

ಫ್ಲ್ಯಾಟು, ಸ್ವಂತ ಮನೆ, ತೋಟ

ಸ್ವಂತ ಮನೆಯಿಂದ ಶುರು ಮಾಡೋಣ. ಯಾಕೆಂದರೆ ಹೊರಗಿನಿಂದ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಅದೇ. ವಿಜಯನಗರದ ಮನೆ ನೋಡಲು ಹೋದೆವು. ಒಳ್ಳೆಯ ಜನ. ಕಾಫಿ ಕೊಟ್ಟರು, ಮೊಸರನ್ನ ತಿನ್ನುತ್ತದಾ ಅಂತ ವಿಚಾರಿಸಿದರು. ಮನೆಯ ಮೂರು ವರ್ಷದ ಮಗು ಪುಟ್ಟಿಯಂತೂ ನಾಯಿಗೆ ಆಗಲೇ ಹೆಸರಿಟ್ಟಾಗಿತ್ತು. ನಾನು ಗೇಟಿನ ಹತ್ತಿರ ಬಗ್ಗಿ ನೋಡಿದೆ. ಕೆಳಗೆ ಒಂದು ಗೇಣು ಸಂದು. ಇಂಡಿ ನಾಯಿಗೆ ಅಷ್ಟು ಸಾಕು, ಹೊಟ್ಟೆ ಒಳಗೆಳೆದುಕೊಂಡು ತೂರಿಬಿಡುತ್ತದೆ. ಇದಾದರೂ ಒಂದು ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿದರೆ ಮುಗಿಯಿತು. ಆದರೆ ಆ ಗೇಟು ದಿನವಿಡೀ ತೆರೆಯುತ್ತಲೇ ಇರುತ್ತದೆ: ಮಹಡಿಯ ಬಾಡಿಗೆಯವರ ಸ್ಕೂಟರು, ಹಾಲಿನವರು, ಗ್ಯಾಸಿನವರು, ಕೊರಿಯರಿನವರು. ಯಾರೂ ಚಿಲಕ ಹಾಕುವವರಲ್ಲ.

‘ರಾತ್ರಿ ಎಲ್ಲಿ ಮಲಗಿಸ್ತೀರಾ?’ ಅಂತ ಕೇಳಿದೆ. ಮನೆಯ ಯಜಮಾನರು ಹೊರಗಿನ ಮೆಟ್ಟಿಲ ಕೆಳಗೆ ತೋರಿಸಿದರು. ಅಲ್ಲಿ ಹಳೆಯ ಟೈರು, ಖಾಲಿ ಪೇಂಟ್ ಡಬ್ಬಗಳ ಪಕ್ಕದಲ್ಲಿ ಗೋಡೆಗೆ ಬಡಿದಿದ್ದ ಕೊಂಡಿಯೊಂದಿತ್ತು. ‘ಮುಂಚಿನದನ್ನೂ ಇಲ್ಲೇ ಕಟ್ತಿದ್ವಿ. ಒಳ್ಳೇ ನಾಯಿ. ಅಪರಿಚಿತರು ಬಂದರೆ ಬಿಡ್ತಿರ್ಲಿಲ್ಲ. ಇದು ಬೊಗಳುತ್ತಲ್ವಾ?’

ಆ ಪ್ರಶ್ನೆಯಲ್ಲೇ ಉತ್ತರ ಸಿಕ್ಕಿತು. ಅವರಿಗೆ ಬೇಕಿದ್ದದ್ದು ಕಾವಲು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೆಂಚ ಕಳ್ಳ ಬಂದರೂ ಕಾಲಿಗೆ ಒರಗುವವನು. ಒಂದೆರಡು ತಿಂಗಳಾದ ಮೇಲೆ ‘ಇದು ಯಾತಕ್ಕೂ ಪ್ರಯೋಜನವಿಲ್ಲ’ ಅನ್ನುವ ಮಾತು ಬರುತ್ತದೆ. ಇನ್ನು ಮನೆಯೊಳಗೆ ಬರಲು ಆಸೆಪಡುವ ನಾಯಿಯನ್ನು ಹೊರಗೆ ಚೈನಿನಲ್ಲಿ ಕಟ್ಟಿದರೆ ಅದರ ಸ್ವಭಾವವೇ ಕೆಡುತ್ತದೆ. ಹತ್ತಿರ ಬಂದವರ ಮೇಲೆ ಹಾರಿ, ಚೈನು ಎಳೆದು, ಕೊನೆಗೆ ನಿಜವಾಗಲೂ ಕಚ್ಚಲು ಕಲಿಯುತ್ತದೆ.

ಎಲ್ಲ ಸ್ವಂತ ಮನೆಗಳೂ ಹೀಗೆ ಅಂತಲ್ಲ. ಒಂದೇ ಕುಟುಂಬ ಇರುವ ಮನೆ, ಒಳಗಡೆ ಇನ್ನೊಂದು ಗ್ರಿಲ್ ಬಾಗಿಲು, ನಾಯಿ ನಡುಮನೆಯಲ್ಲೋ ಮಂಚದ ಪಕ್ಕದಲ್ಲೋ ಮಲಗುವ ಏರ್ಪಾಡು ಇದ್ದರೆ ಅದಕ್ಕಿಂತ ಒಳ್ಳೆಯದು ಇನ್ನೇನಿದೆ? ಆದರೆ ಕಾಂಪೌಂಡ್ ಇರುವವರು ವಾಕಿಂಗ್ ತಪ್ಪಿಸುವುದು ಜಾಸ್ತಿ, ಇದು ಮಾತ್ರ ನೆನಪಿರಲಿ. ‘ಅದೇ ಓಡಾಡಿಕೊಂಡಿರುತ್ತೆ’ ಅನ್ನುತ್ತಾರೆ. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ಜಾಗದಲ್ಲಿ ಎಷ್ಟು ಓಡಾಡೀತು, ಹೇಳಿ.

ತೋಟದ ಮಾತಿಗೆ ಬರೋಣ. ಮಲೆನಾಡಿನ ತೋಟ ಅಂದರೆ ಪೇಟೆಯವರ ಕಣ್ಣಿಗೆ ಹಸಿರು ಮಾತ್ರ ಕಾಣುತ್ತದೆ. ಅಲ್ಲಿನವರನ್ನು ಕೇಳಿ, ಮೊದಲು ಚಿರತೆಯ ಹೆಸರು ಹೇಳುತ್ತಾರೆ. ನಾಯಿ ಚಿರತೆಗೆ ಸುಲಭದ ಬೇಟೆ. ಬನ್ನೇರುಘಟ್ಟ, ರಾಮನಗರ, ತುಮಕೂರಿನ ಸುತ್ತಲಿನ ಫಾರ್ಮ್‌ಹೌಸುಗಳಿಗೂ ಈ ಮಾತು ಸಲ್ಲುತ್ತದೆ. ಕಾಡುಹಂದಿಗೆ ಅಂತ ಇಟ್ಟ ಉರುಳಿಗೆ, ಸಿಡಿಮದ್ದಿಗೆ ನಾಯಿಗಳು ಬಲಿಯಾಗುವುದೂ ಇದೆ. ಐಬೆಕ್ಸ್ ಅಂತ ಕರೆಯುವ ಸೋಲಾರ್ ವಿದ್ಯುತ್ ಬೇಲಿ ಮುಟ್ಟಿದರೆ ಬರೀ ಶಾಕ್ ಹೊಡೆಯುತ್ತದೆ. ಆದರೆ ಯಾರಾದರೂ ನೇರವಾಗಿ ಲೈನಿನಿಂದ ಕರೆಂಟ್ ಕೊಟ್ಟಿದ್ದರೆ ಪ್ರಾಣವೇ ಹೋಗುತ್ತದೆ. ಹಾವು, ಉಣ್ಣೆ ಇದ್ದದ್ದೇ. ಹುಷಾರು ತಪ್ಪಿದರೆ ನಾಯಿ ನೋಡುವ ಡಾಕ್ಟರು ಎಷ್ಟು ದೂರ ಅಂತಲೂ ಕೇಳಬೇಕು.

ಹಾಗಂತ ತೋಟ ಬೇಡವೇ ಬೇಡ ಅಂತಲ್ಲ. ಸಕಲೇಶಪುರದವರು ನೇರವಾಗಿ ಮಾತಾಡಿದರು, ಅದು ನನಗೆ ಹಿಡಿಸಿತು: ‘ನಮಗೆ ಕಾಡುಹಂದಿ ಓಡಿಸೋಕೆ ನಾಯಿ ಬೇಕು ಮೇಡಂ. ಹಗಲು ಗೂಡಲ್ಲಿ, ರಾತ್ರಿ ಬಿಡ್ತೀವಿ.’ ಆ ಕೆಲಸಕ್ಕೆ ತೋಟದಲ್ಲೇ ಹುಟ್ಟಿ ಬೆಳೆದ ನಾಯಿ ಸರಿ. ಅದಕ್ಕೆ ಕಾಡಿನ ವಾಸನೆ ಗೊತ್ತು, ಎಲ್ಲಿ ನಿಲ್ಲಬೇಕು ಅಂತ ಗೊತ್ತು. ಪೇಟೆಯ ಬಾಡಿಗೆ ಮನೆಯ ಸೋಫಾದ ಮೇಲೆ ಬೆಳೆದ ಕೆಂಚನನ್ನು ರಾತ್ರಿ ಹೊತ್ತು ಕಾಫಿ ಗಿಡದ ನಡುವೆ ಬಿಟ್ಟರೆ ಉಳಿಯುವುದು ಅನುಮಾನ. ಮನೆಯವರು ತೋಟದಲ್ಲೇ ವಾಸವಿದ್ದು, ಕತ್ತಲಾಗುವ ಮುಂಚೆ ನಾಯಿಯನ್ನು ಒಳಗೆ ಸೇರಿಸಿ ಜಗಲಿಯ ಗ್ರಿಲ್ಲು ಹಾಕುವವರಾದರೆ ಕಣ್ಣು ಮುಚ್ಚಿ ಕೊಡಬಹುದು. ಭಾನುವಾರಕ್ಕೊಮ್ಮೆ ಬಂದು ಹೋಗುವ ಫಾರ್ಮ್‌ಹೌಸಿಗೆ ಮಾತ್ರ ನಾನು ಕೊಡುವುದಿಲ್ಲ. ಅಲ್ಲಿ ನಾಯಿ ಸಾಕುವವನು ವಾಚ್‌ಮನ್. ಅವನಿಗೆ ಈ ನಾಯಿ ಬೇಕಾ ಬೇಡವಾ ಅಂತ ಯಾರೂ ಕೇಳಿರುವುದಿಲ್ಲ.

ಉಳಿದದ್ದು ಫ್ಲ್ಯಾಟು. ಇಲ್ಲಿ ನಾಯಿ ತಪ್ಪಿಸಿಕೊಂಡು ಹೋಗಬೇಕಾದರೆ ಮನೆಯ ಬಾಗಿಲು, ಲಿಫ್ಟು ಅಥವಾ ಮೆಟ್ಟಿಲು, ಆಮೇಲೆ ಸೆಕ್ಯುರಿಟಿ ಗೇಟು, ಇಷ್ಟನ್ನೂ ದಾಟಬೇಕು. ಒಳಗೆ ಜಾಗ ಇಲ್ಲದ ಕಾರಣಕ್ಕೇ ದಿನಕ್ಕೆ ಎರಡು ಮೂರು ಸಲ ಹೊರಗೆ ಕರೆದುಕೊಂಡು ಹೋಗಲೇಬೇಕು. ನಾಯಿ ಮಲಗುವುದೂ ಮನುಷ್ಯರ ಮಧ್ಯೆಯೇ. ಮನುಷ್ಯರ ಸಹವಾಸಕ್ಕೆ ಹಾತೊರೆಯುವ ನಾಯಿಗೆ ಇನ್ನೇನು ಬೇಕು?

ಆದರೆ ಫ್ಲ್ಯಾಟಿಗೂ ಅದರದೇ ತಾಪತ್ರಯಗಳಿವೆ. ಅಸೋಸಿಯೇಷನ್ನಿನ ಕಿರಿಕಿರಿ ಒಂದು. ಸಾಕುನಾಯಿ ಇಟ್ಟುಕೊಳ್ಳಬಾರದು ಅಂತ ಅಸೋಸಿಯೇಷನ್ ನಿಯಮ ಮಾಡುವಂತಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಅದರ ಒಂದು ಪ್ರತಿ ಕೊಟ್ಟು ಕಳಿಸಿದರೆ ಉಪಯೋಗಕ್ಕೆ ಬರುತ್ತದೆ. ಆದರೆ ಮನೆ ಮಾಲೀಕರ ವಿಷಯ ಬೇರೆ. ಬಾಡಿಗೆಯವರಾದರೆ ಮಾಲೀಕರ ಒಪ್ಪಿಗೆ ಬರಹದಲ್ಲೇ ಬೇಕು, ವಾಟ್ಸಾಪ್ ಮೆಸೇಜಾದರೂ ಸರಿ. ಬಾಲ್ಕನಿಗೆ ಜಾಲರಿ ಇರಲೇಬೇಕು. ಪಾರಿವಾಳದ ನೆಟ್ಟು ಸಾಲದು, ನಾಯಿಯ ಭಾರ ಅದು ತಡೆಯುವುದಿಲ್ಲ. ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವವರಾದರೆ ಆ ಹನ್ನೆರಡು ಗಂಟೆ ಕೆಂಚನಂಥ ನಾಯಿಗೆ ನರಕ. ಪಕ್ಕದ ಮನೆಯವರಿಗೂ ನೆಮ್ಮದಿ ಇರುವುದಿಲ್ಲ.

ವೈಟ್‌ಫೀಲ್ಡಿನವರ ಮನೆ ಎರಡು ಬೆಡ್‌ರೂಮಿನದು. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಆದರೆ ಇಬ್ಬರಲ್ಲಿ ಒಬ್ಬರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ‘ಮುಂದೆ ಆಫೀಸಿಗೆ ಬನ್ನಿ ಅಂದರೆ?’ ಅಂತ ಕೇಳಿದಾಗ, ಹತ್ತಿರದ ಡಾಗ್ ಡೇಕೇರಿನಲ್ಲಿ ದಿನಕ್ಕೆ ಎಷ್ಟು ಅಂತ ಅವರು ಆಗಲೇ ವಿಚಾರಿಸಿಟ್ಟಿದ್ದರು. ಮಾಲೀಕರ ಮೆಸೇಜ್ ಫೋನಿನಲ್ಲೇ ಇತ್ತು. ಕೆಂಚ ಅಲ್ಲಿಗೇ ಹೋದ.

ಮನೆಯಲ್ಲಿ ಯಾರಿದ್ದಾರೆ?

ನಿವೃತ್ತರಾದವರಿಗೆ ಸಮಯ ಇರುತ್ತದೆ, ತಾಳ್ಮೆಯೂ ಇರುತ್ತದೆ. ಆದರೆ ಮಂಡಿ ನೋವಿನವರ ಕೈಯಲ್ಲಿ ಎಳೆದಾಡುವ ಎಳೆಯ ನಾಯಿಯ ಹಗ್ಗ ಕೊಟ್ಟರೆ ಅವರೇ ಬೀಳುತ್ತಾರೆ. ಅಂಥ ಮನೆಗೆ ಆರೇಳು ವರ್ಷದ ಸಮಾಧಾನದ ನಾಯಿ ಹೇಳಿ ಮಾಡಿಸಿದ್ದು. ಶೆಲ್ಟರುಗಳಲ್ಲಿ ಅಂಥವು ಎಷ್ಟೋ ಇವೆ, ಮರಿ ಬೇಕು ಅಂತ ಬರುವವರು ಅವುಗಳ ಕಡೆ ನೋಡುವುದೂ ಇಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ಹಾರುವ ನಾಯಿ ಬೇಡ. ಎಂಟು ಹತ್ತು ವರ್ಷದ ಮಕ್ಕಳಾದರೆ ಪರವಾಗಿಲ್ಲ. ಆದರೆ ‘ಮಗು ಕೇಳ್ತಿದೆ, ಅದಕ್ಕೇ’ ಅಂತ ಬಂದವರಿಗೆ ನಾನು ಸ್ವಲ್ಪ ತಡ ಮಾಡುತ್ತೇನೆ. ಪರೀಕ್ಷೆ ಬಂದರೆ ಮಗು ಟ್ಯೂಷನ್ನಿಗೆ ಹೋಗುತ್ತದೆ, ನಾಯಿ ಅಮ್ಮನ ಪಾಲಿಗೆ. ಅಮ್ಮನ ಹತ್ತಿರವೇ ಒಂದು ಸಲ ಪ್ರತ್ಯೇಕವಾಗಿ ಮಾತಾಡಿ.

ಒಂಟಿಯಾಗಿರುವ ಹುಡುಗ ಹುಡುಗಿಯರಿಗೆ ಕೊಡುವುದೇ ಇಲ್ಲ ಅನ್ನುವವರಿದ್ದಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಊರಿಗೆ ಹೋದಾಗ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದಕ್ಕೆ ಅವರಲ್ಲಿ ಒಂದು ಹೆಸರು, ಒಂದು ಫೋನ್ ನಂಬರ್ ಇದ್ದರೆ ಸಾಕು. ಪಿಜಿಯಲ್ಲಿರುವವರಿಗೆ ಮಾತ್ರ ಬೇಡ.

ಜನರನ್ನು ಹುಡುಕುವುದು ಎಲ್ಲಿ?

ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾ, ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್, ಹೀಗೆ ಪ್ರಾಣಿ ರಕ್ಷಣೆಯ ಸಂಸ್ಥೆಗಳಿವೆ. ನಿಮ್ಮ ಕೈಗೆ ಸಿಕ್ಕ ನಾಯಿಯನ್ನು ಅಲ್ಲಿ ಬಿಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ. ಶೆಲ್ಟರುಗಳು ಗಾಯಗೊಂಡ ಪ್ರಾಣಿಗಳಿಂದಲೇ ತುಂಬಿರುತ್ತವೆ. ಆರೋಗ್ಯವಾಗಿರುವ ಸಾಧು ನಾಯಿ ನಿಮ್ಮ ಮನೆಯಲ್ಲೇ ಇದ್ದುಕೊಂಡು ಮನೆ ಹುಡುಕಿಕೊಳ್ಳುವುದೇ ಒಳ್ಳೆಯದು.

ದತ್ತು ಶಿಬಿರಗಳು ಮರಿಗಳಿಗೆ ಚೆನ್ನ. ದೊಡ್ಡ ನಾಯಿ ಆ ಗದ್ದಲದಲ್ಲಿ ಮುದುಡುತ್ತದೆ. ಕೆಂಚನಂಥದ್ದಾದರೆ ಅಲ್ಲಿ ಹೀರೋ. ಆದರೆ ಐಸ್‌ಕ್ರೀಮ್ ತಿನ್ನಲು ಬಂದವರು ನಾಯಿಯ ಮುಖ ನೋಡಿ ನಿಂತ ಕಾಲಲ್ಲೇ ಫಾರಂ ತುಂಬುತ್ತಾರೆ. ಹಾಗೆ ತುಂಬಿದವರಿಗೆ ಅವತ್ತೇ ನಾಯಿ ಕೊಟ್ಟು ಕಳಿಸಬಾರದು. ಇನ್‌ಸ್ಟಾಗ್ರಾಮಿನಲ್ಲಿ ಬೇಗ ಹರಡುತ್ತದೆ, ಆದರೆ ಬರುವ ಮೆಸೇಜುಗಳಲ್ಲಿ ಬಹುಪಾಲು ‘ಇನ್ನೂ ಇದೆಯಾ?’ ಅಷ್ಟೇ. ಪೋಸ್ಟಿನಲ್ಲಿ ‘ಉಚಿತ’ ಅನ್ನುವ ಪದವನ್ನೇ ಹಾಕಬೇಡಿ. ಪರಿಚಯದವರಿಗೆ ಕೊಟ್ಟರೆ ಆಮೇಲೆ ವಿಚಾರಿಸುವುದು ಸುಲಭ. ಆದರೆ ಸರಿಹೋಗದಿದ್ದರೆ ಬೇಡ ಅನ್ನಲು ಬಾಯಿ ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ನಿಮ್ಮ ಏರಿಯಾದ ನಾಯಿ ಡಾಕ್ಟರ ಮೇಲೆ. ಯಾರ ಮನೆಯ ಮುದಿ ನಾಯಿ ಇತ್ತೀಚೆಗೆ ಹೋಯಿತು, ಯಾರು ವರ್ಷ ವರ್ಷ ತಪ್ಪದೆ ರೇಬೀಸ್ ಇಂಜೆಕ್ಷನ್ ಹಾಕಿಸುತ್ತಿದ್ದರು, ಯಾರು ಕೊನೆಗಾಲದಲ್ಲಿ ತಿರುಗಿಯೂ ನೋಡಲಿಲ್ಲ, ಅವರಿಗೆ ಎಲ್ಲ ಗೊತ್ತು. ಮೊದಲು ನಾಯಿ ಸಾಕಿದ್ದೆವು ಅನ್ನುವವರ ಹತ್ತಿರ ಆ ನಾಯಿಯ ವ್ಯಾಕ್ಸಿನ್ ಕಾರ್ಡ್ ತೋರಿಸಿ ಅನ್ನಿ. ಇಟ್ಟುಕೊಂಡಿದ್ದರೆ ತಂದು ತೋರಿಸುತ್ತಾರೆ, ತೋರಿಸುವಾಗ ಕಣ್ಣೂ ಒದ್ದೆಯಾಗಬಹುದು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿಲ್ಲ.

ಬೇರೆ ಊರು, ಬೇರೆ ದೇಶ

ಮೈಸೂರು, ಹಾಸನದಷ್ಟು ದೂರವಾದರೆ ಕಾರಿನಲ್ಲಿ ಬಿಟ್ಟು, ಮನೆ ನೋಡಿ ಬರಬಹುದು. ಅದಕ್ಕಿಂತ ದೂರವಾದರೆ ರೈಲಿನಲ್ಲಿ ಫಸ್ಟ್ ಎಸಿಯ ಕೂಪೆ ಪೂರ್ತಿ ಬುಕ್ ಮಾಡಬೇಕು, ಇಲ್ಲವೇ ಗಾರ್ಡ್ ಬೋಗಿಯ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ಒಂಟಿಯಾಗಿ ಕಳಿಸಲು ನನಗೆ ಮನಸ್ಸು ಬರುವುದಿಲ್ಲ.

ರಜೆಗೆ ಬಂದ ಅಮೆರಿಕದ ಕನ್ನಡಿಗರು ಕೆಲವೊಮ್ಮೆ ಕೇಳುತ್ತಾರೆ. ಆಸೆ ಒಳ್ಳೆಯದೇ, ದಾರಿ ಉದ್ದ. ಅಮೆರಿಕದ ಪ್ರಕಾರ ಭಾರತ ರೇಬೀಸ್ ಅಪಾಯ ಹೆಚ್ಚಿರುವ ದೇಶ. 2024ರ ಆಗಸ್ಟ್ 1ರಿಂದ ಅಲ್ಲಿಗೆ ಹೋಗುವ ನಾಯಿಗೆ ಆರು ತಿಂಗಳಾಗಿರಬೇಕು, ಮೈಕ್ರೋಚಿಪ್ ಇರಬೇಕು. ಇಲ್ಲಿ ಲಸಿಕೆ ಹಾಕಿಸಿದ್ದಾದರೆ ಅಲ್ಲಿನ ನೋಂದಾಯಿತ ಪ್ರಾಣಿ ಆರೈಕೆ ಕೇಂದ್ರವಿರುವ ಏರ್‌ಪೋರ್ಟಿನಲ್ಲೇ ಇಳಿಸಬೇಕು. ಬ್ರಿಟನ್ನಿಗೆ, ಯುರೋಪಿಗೆ ಕಳಿಸುವುದಾದರೆ ರೇಬೀಸ್ ಲಸಿಕೆ ಹಾಕಿಸಿ 30 ದಿನ ಆದ ಮೇಲೆ ರಕ್ತಪರೀಕ್ಷೆ, ಅಲ್ಲಿಂದ ಮೂರು ತಿಂಗಳು ಕಾಯಬೇಕು. ಕೆನಡಾ ಅಂತೂ 2022ರ ಸೆಪ್ಟೆಂಬರಿನಿಂದ ಭಾರತದಂಥ ದೇಶಗಳಿಂದ ದತ್ತಿಗೆ ಅಂತ ನಾಯಿ ತರುವುದನ್ನೇ ನಿಲ್ಲಿಸಿದೆ. ಸಾಧು ನಾಯಿಗೆ ಇಲ್ಲೇ ಮನೆ ಸಿಗುತ್ತದೆ. ಇಷ್ಟೆಲ್ಲ ಓಡಾಟವನ್ನು ಇಲ್ಲಿ ಯಾರೂ ಕೇಳದ, ಕಾಲಿಲ್ಲದ, ಸೊಂಟ ಬಿದ್ದ ನಾಯಿಗಳಿಗೆ ಮೀಸಲಿಡುವುದು ವಾಸಿ.

ನೇರ ದತ್ತೋ, ಟ್ರಯಲ್ಲೋ?

ನನ್ನ ಓಟು ಟ್ರಯಲ್‌ಗೆ. ನಾಯಿ ಹೊಸ ಮನೆಗೆ ಒಗ್ಗಿಕೊಳ್ಳುವುದಕ್ಕೆ ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಅಂದಾಜು ಲೆಕ್ಕ ಇದೆ. ಮೊದಲ ಮೂರು ದಿನ ಗಾಬರಿ, ಮೂರು ವಾರಕ್ಕೆ ಮನೆಯ ಪದ್ಧತಿ ತಿಳಿಯುತ್ತದೆ, ಮೂರು ತಿಂಗಳಿಗೆ ನಮ್ಮ ಮನೆ ಅನ್ನಿಸುತ್ತದೆ. ಹಾಗಾಗಿ ಮೂರು ವಾರ ಟ್ರಯಲ್ ಇಡಿ, ಆಮೇಲೆ ಸಹಿ. ಎಷ್ಟೇ ಸಾಧುವಾದರೂ ಮೊದಲ ವಾರ ಎದೆಪಟ್ಟಿ ಒಂದು, ಕುತ್ತಿಗೆ ಬೆಲ್ಟು ಒಂದು, ಎರಡಕ್ಕೂ ಹಗ್ಗ ಇರಬೇಕು. ಫೋನ್ ನಂಬರಿರುವ ಬಿಲ್ಲೆ ಮೊದಲ ದಿನವೇ ಕುತ್ತಿಗೆಗೆ ಬೀಳಬೇಕು. ದೀಪಾವಳಿಯ ಹಿಂದಿನ ವಾರ ಯಾರಿಗೂ ಕೊಡಬೇಡಿ.

ಕೊಡುವ ಮುಂಚೆ ಮರಿಯಾಗದಂತೆ ಮಾಡುವ ಆಪರೇಷನ್ ಆಗಿರಲಿ. ರೇಬೀಸ್ ಲಸಿಕೆ, ಹಲವು ರೋಗಗಳಿಗೆ ಒಟ್ಟಿಗೆ ಹಾಕುವ ನೈನ್ ಇನ್ ಒನ್ ಲಸಿಕೆ, ಜಂತುಹುಳದ ಮಾತ್ರೆ, ಉಣ್ಣೆ ಜ್ವರಕ್ಕೆ ರಕ್ತಪರೀಕ್ಷೆ, ಇವೂ ಮುಗಿದಿರಲಿ. ಸಾಧು ನಾಯಿ ಉಣ್ಣೆ ಜ್ವರದಲ್ಲೂ ಬಾಲ ಅಲ್ಲಾಡಿಸುತ್ತದೆ, ಮುಖ ನೋಡಿ ಗೊತ್ತಾಗುವುದಿಲ್ಲ.

ಒಪ್ಪಂದದ ಕಾಗದದಲ್ಲಿ ಏನೇನೋ ಷರತ್ತು ತುಂಬಿಸುವುದು ಬೇಡ. ಒಂದು ಮಾತ್ರ ದಪ್ಪಕ್ಷರದಲ್ಲಿರಲಿ: ಯಾವ ಕಾರಣಕ್ಕೆ ಬೇಡವಾದರೂ ನಾಯಿ ವಾಪಸ್ ನಮಗೇ ಬರಬೇಕು. ಇನ್ನೊಬ್ಬರಿಗೆ ದಾಟಿಸುವಂತಿಲ್ಲ, ಬೀದಿಗೆ ಬಿಡುವಂತಿಲ್ಲ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಕೂಡ ಬೀದಿನಾಯಿಗಳನ್ನು ಪಾಲಿಕೆಗೆ ಅರ್ಜಿ ಕೊಟ್ಟು ದತ್ತು ಪಡೆಯಬಹುದು, ಆದರೆ ಅವು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಪಡೆದವರ ಹೊಣೆ ಅಂತ ಹೇಳಿದೆ. ಒಪ್ಪಂದದ ಆ ದಪ್ಪಕ್ಷರದ ಸಾಲು ಓದಿ ಹಿಂಜರಿದವರು ಹಿಂಜರಿಯಲಿ ಬಿಡಿ.

ಬೇಡ ಅಂದವರಿಗೆ ಕಾರಣ ಹೇಳಿಬಿಡುವುದು ಒಳ್ಳೆಯದು. ವಿಜಯನಗರದವರಿಗೆ ಗೇಟಿನ ಸಂದು, ಮೆಟ್ಟಿಲ ಕೆಳಗಿನ ಕೊಂಡಿ, ಎರಡನ್ನೂ ಹೇಳಿದೆ. ಯಜಮಾನರಿಗೆ ಬೇಜಾರಾಯಿತು. ಸೊಸೆ ಮಾತ್ರ ಆಮೇಲೆ ಫೋನ್ ಮಾಡಿ, ‘ಗೇಟಿಗೆ ಪಟ್ಟಿ ಹಾಕಿಸ್ತೀವಿ, ಒಳಗೇ ಮಲಗಿಸ್ತೀವಿ. ಪುಟ್ಟಿ ಮೇಲೆ ಹಾರದೇ ಇರೋ ವಯಸ್ಸಾದ ನಾಯಿ ಇದ್ದರೆ ಹೇಳಿ’ ಅಂದಳು. ನಮ್ಮಲ್ಲಿ ಒಂದು ಇದೆ, ದಿನವೆಲ್ಲ ಮಲಗಿರುವಂಥದ್ದು. ಬರುವ ವಾರ ಪಟ್ಟಿ ಹಾಕಿಸಿದ್ದಾರಾ ಅಂತ ನೋಡಲು ಹೋಗಬೇಕು.